ಈ ನೀರು ಎಲ್ಲಿಗೆ ಹೋಗ್ತದ?

(ನಮ್ಮ ಕನ್ನಡ ವೇಳೆಯಲ್ಲಿ ಪ್ರಸಾರವಾದ ಮಾತಿನ ಬರಹರೂಪ)



ಊರಿನಿಂದ ನೆಂಟರು ಬಂದರೆ ಪುಣೆಯಲ್ಲಿ ನೀವು ಅವರನ್ನು ಎಲ್ಲಿಗೆ ಕರೆದುಕೊಂಡು ಹೋಗುತ್ತೀರಿ? ಮೊದಲ ದಿನ ದಗಡೂಶೇಠ್ ಗಣಪತಿ, ಹಾಗೆಯೇ ನಡೆದು ಶನಿವಾರವಾಡಾ. ಎರಡನೇ ದಿನ ಮೊಣಕಾಲು ಗಟ್ಟಿ ಇದ್ದವರಿಗೆ ಸಿಂಹಗಡ, ಇಲ್ಲದವರಿಗೆ ಲಕ್ಷ್ಮೀ ರೋಡಿನಲ್ಲಿ ಸೀರೆ. ಮೂರನೇ ದಿನ ನಮಗೂ ಹೊಳೆಯುವುದಿಲ್ಲ, ಅವರಿಗೂ ಊರು ನೆನಪಾಗುತ್ತದೆ. ಹೌದಲ್ಲವೇ?

ಹೋದ ಚಳಿಗಾಲದಲ್ಲಿ ನಮ್ಮ ಮನೆಯಲ್ಲೂ ಇದೇ ಆಯಿತು. ಅವ್ವ ಬಂದಿದ್ದಳು. ನಮ್ಮ ಊರು ಅಫಜಲಪುರ ತಾಲ್ಲೂಕಿನಲ್ಲಿ, ಭೀಮಾ ನದಿಯ ದಂಡೆಗೆ. ಹೊಳೆಯ ಪಕ್ಕದಲ್ಲೇ ಬದುಕಿದವಳಿಗೆ ಮೂರನೇ ಮಹಡಿಯ ನಮ್ಮ ಫ್ಲಾಟಿನಲ್ಲಿ ಹೊತ್ತು ಹೋಗಲಿಲ್ಲ. ಮೂರನೇ ದಿನ ಬೆಳಗ್ಗೆ, ನಡೆಯಲು ಸಮತಟ್ಟಾದ ದಾರಿ, ಕೂರಲು ನೆರಳು ಇರುವ ಜಾಗ ಯಾವುದು ಎಂದು ಯೋಚಿಸಿ, ಅವಳನ್ನು ಸಿಂಹಗಡ ರಸ್ತೆಯ ಪು. ಲ. ದೇಶಪಾಂಡೆ ಉದ್ಯಾನಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಅವಳು ಎರಡು ಪ್ರಶ್ನೆ ಕೇಳಿದಳು. ಆ ಎರಡು ಪ್ರಶ್ನೆಗೆ ಉತ್ತರ ಹುಡುಕಿದ್ದೇ ಇವತ್ತಿನ ನನ್ನ ಮಾತು.

ಮೊದಲು, ನೋಡದವರಿಗಾಗಿ ದಾರಿ ಹೇಳಿಬಿಡುತ್ತೇನೆ. ಸ್ವಾರಗೇಟಿನಿಂದ ಸಿಂಹಗಡದ ಕಡೆ ಹೊರಟರೆ ದಾಂಡೇಕರ್ ಪೂಲ್ ದಾಟಿ ಸ್ವಲ್ಪ ಮುಂದೆ, ಎಡಗಡೆಗೆ ಈ ಉದ್ಯಾನ ಸಿಗುತ್ತದೆ. ಪುಣೆಯ ಬಹಳ ಉದ್ಯಾನಗಳ ಹಾಗೆ ಇದೂ ಬೆಳಗ್ಗೆ ಮತ್ತು ಸಂಜೆ ಮಾತ್ರ ತೆರೆದಿರುತ್ತದೆ, ನಡುಮಧ್ಯಾಹ್ನ ಮುಚ್ಚಿರುತ್ತದೆ. ಬಿಸಿಲಲ್ಲಿ ಹೋಗಿ ಗೇಟಿನ ಮುಂದೆ ನಿಂತು ಪೇಚಾಡಬೇಡಿ. ಒಳಗೆ ಹೋಗಲು ಸಣ್ಣ ಟಿಕೆಟ್ ಇದೆ. ಜಾಗ ಸುಮಾರು 10 ಎಕರೆ. ಹೊರಗೆ ರಿಕ್ಷಾ, ಬಸ್ಸು, ಹಾರ್ನ್. ಒಳಗೆ ನೂರು ಹೆಜ್ಜೆ ನಡೆದರೆ ನೀರಿನ ಸದ್ದು ಕೇಳುತ್ತದೆ.

ಇದಕ್ಕೆ ಮೊದಲು ಇಟ್ಟ ಹೆಸರು ಪುಣೆ–ಓಕಾಯಾಮಾ ಮೈತ್ರಿ ಉದ್ಯಾನ. ಆಮೇಲೆ ಪು. ಲ. ಅವರ ನೆನಪಿಗೆ ಅವರ ಹೆಸರು ಬಂತು. ಮರಾಠಿ ಮನೆಗಳಲ್ಲಿ ಪು. ಲ. ಎಂದರೆ ಮನೆಯ ಹಿರಿಯರೊಬ್ಬರ ಹೆಸರು ಹೇಳಿದಂತೆ. ಮುಖದಲ್ಲಿ ತಾನಾಗಿ ನಗು ಬರುತ್ತದೆ. 1919ರಲ್ಲಿ ಮುಂಬೈಯಲ್ಲಿ ಹುಟ್ಟಿ, 2000ನೇ ಇಸವಿಯಲ್ಲಿ ಪುಣೆಯಲ್ಲಿ ತೀರಿಕೊಂಡ ಅವರಿಗೂ ನಮಗೂ ಒಂದು ನಂಟಿದೆ. ಅವರ ತಾಯಿಯ ತಂದೆ ಕಾರವಾರದ ಕಡೆಯವರು. ಪು. ಲ. ಸ್ವತಃ ಕೆಲವು ಕಾಲ ಬೆಳಗಾವಿಯ ರಾಣಿ ಪಾರ್ವತಿದೇವಿ ಕಾಲೇಜಿನಲ್ಲಿ ಪಾಠ ಹೇಳಿದರು. ಅಲ್ಲಿನ ಗೆಳೆಯ ‘ರಾವ್‌ಸಾಹೇಬ’ರ ಬಗ್ಗೆ ಅವರು ಬರೆದ ವ್ಯಕ್ತಿಚಿತ್ರದಲ್ಲಿ ಕನ್ನಡ ಬೆರೆತ ಬೆಳಗಾವಿಯ ಮರಾಠಿ ಹಾಗೇ ಕೇಳಿಸುತ್ತದೆ. ಇನ್ನೊಂದು ಕಾರಣಕ್ಕೆ ನನಗೆ ಅವರ ಮೇಲೆ ಪ್ರೀತಿ: 1950ರ ದಶಕದಲ್ಲಿ ಅವರು ಆಕಾಶವಾಣಿಯಲ್ಲಿ ಕೆಲಸ ಮಾಡಿದವರು. ಮೈಕಿನ ಮುಂದೆ ಕೂತವರೆಲ್ಲ ಒಂದೇ ಬಳಗ ಎಂದು ನಾವು ಅಂದುಕೊಳ್ಳುತ್ತೇವೆ.

ಸರಿ, ಒಳಗೆ ಹೋಗೋಣ.

ಅವ್ವ ಹತ್ತು ನಿಮಿಷ ಸುಮ್ಮನೆ ನಡೆದಳು. ಆಮೇಲೆ ನಿಂತು, “ಹೂವೇ ಇಲ್ಲಲ್ಲೋ ತಮ್ಮಾ! ಇದೆಂಥಾ ತೋಟ?” ಎಂದಳು.

ನೀವೂ ಮೊದಲ ಸಲ ಹೋದಾಗ ಇದನ್ನೇ ಕೇಳಬಹುದು. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ ನೋಡಿ ಬೆಳೆದ ಕಣ್ಣು ನಮ್ಮದು. ತೋಟ ಎಂದರೆ ಗುಲಾಬಿ, ಸೇವಂತಿಗೆ, ಡೇಲಿಯಾ ಎಂದು ಲೆಕ್ಕ. ಜಪಾನಿ ಶೈಲಿಯ ತೋಟದಲ್ಲಿ ಹೂವಿಗೆ ಎರಡನೇ ಸ್ಥಾನ. ಮೊದಲ ಸ್ಥಾನ ನೀರು, ಕಲ್ಲು, ಹಸಿರು ಇಳಿಜಾರು ಮತ್ತು ಖಾಲಿ ಜಾಗಕ್ಕೆ. ದಾರಿ ನೇರ ಇರುವುದಿಲ್ಲ, ಬಳಸಿಕೊಂಡು ಹೋಗುತ್ತದೆ. ಒಂದು ತಿರುವಿನಲ್ಲಿ ಕಂಡ ಕೊಳ ಮುಂದಿನ ತಿರುವಿನಲ್ಲಿ ಮರೆಯಾಗುತ್ತದೆ, ಸಣ್ಣ ಸೇತುವೆ ಹತ್ತಿದರೆ ಬೇರೆಯೇ ಕೊಳದಂತೆ ಮತ್ತೆ ಕಾಣುತ್ತದೆ. ಹತ್ತೇ ಎಕರೆ ನಮಗೆ ಇಷ್ಟು ದೊಡ್ಡದಾಗಿ ಕಾಣುವುದು ಇದರಿಂದಲೇ.

ಇನ್ನೂ ಒಂದು ಉಪಾಯವಿದೆ. ಕೊಳದ ಪಕ್ಕ ನಿಂತು ತಲೆ ಎತ್ತಿ ನೋಡಿ. ಬೆನ್ನಿಗೆ ಪರ್ವತಿ ಗುಡ್ಡ ಕಾಣುತ್ತದೆ. ಅದು ತೋಟದ್ದಲ್ಲ, ಆದರೆ ತೋಟದ ಚಿತ್ರದೊಳಗೆ ಬಂದು ಕೂತಿರುತ್ತದೆ. ಹೊರಗಿನ ಗುಡ್ಡವನ್ನೋ ಮರಗಳ ಸಾಲನ್ನೋ ತೋಟದ ಹಿನ್ನೆಲೆಯಾಗಿ ಬಳಸಿಕೊಳ್ಳುವುದಕ್ಕೆ ಜಪಾನಿಗರು ‘ಶಕ್ಕೆಯ್’ ಎನ್ನುತ್ತಾರೆ. ಎರವಲು ತಂದ ನೋಟ ಎಂದು ಅರ್ಥ. ಪಕ್ಕದ ಮನೆಯಿಂದ ಸಕ್ಕರೆ ತಂದ ಹಾಗೆ, ಪಕ್ಕದ ಗುಡ್ಡದಿಂದ ಅಂದ ತಂದುಕೊಳ್ಳುವುದು. ನಾನು ಇದನ್ನು ಹೇಳಿದಾಗ ಅವ್ವ ನಕ್ಕಳು: “ಎರವಲು ತಂದದ್ದು ವಾಪಸ್ ಕೊಡೋದಿಲ್ಲೇನು?”

ಈ ಉದ್ಯಾನಕ್ಕೆ ಮಾದರಿ ಜಪಾನಿನ ಓಕಾಯಾಮಾ ನಗರದ ಕೊರಾಕುಯೆನ್. ಜಪಾನಿನ ಮೂರು ಹೆಸರಾಂತ ತೋಟಗಳಲ್ಲಿ ಅದು ಒಂದು. ಅಲ್ಲಿನ ದೊರೆ ಇಕೆದಾ ತ್ಸುನಾಮಾಸಾ 1687ರಲ್ಲಿ ಕೆಲಸ ಶುರು ಮಾಡಿಸಿ 1700ರಲ್ಲಿ ಮುಗಿಸಿದ. ಪಕ್ಕದಲ್ಲಿ ಅಸಾಹಿ ನದಿ, ನದಿಯ ಆಚೆ ಕೋಟೆ. ತೋಟದೊಳಗೆ ಒಂದು ಮಂಟಪವಿದೆ. ಅದರ ನಡುವಿನಿಂದಲೇ ತೊರೆ ಹರಿಯುತ್ತದೆ. ಚಹಾ ಗಿಡಗಳಿವೆ, ಪುಟ್ಟ ಭತ್ತದ ಗದ್ದೆಯೂ ಇದೆ. 1884ರಲ್ಲಿ ಅದನ್ನು ಜನರಿಗೆ ತೆರೆದರು. 1934ರಲ್ಲಿ ನೆರೆ ಬಂದು ಹಾಳಾಯಿತು. 1945ರಲ್ಲಿ ಯುದ್ಧದ ಬಾಂಬಿಗೆ ಸಿಕ್ಕಿತು. ಹಳೆಯ ಚಿತ್ರಗಳನ್ನೂ ದಾಖಲೆಗಳನ್ನೂ ಮುಂದಿಟ್ಟುಕೊಂಡು ಅವರು ಅದನ್ನು ಮೊದಲಿದ್ದ ಹಾಗೆಯೇ ಮತ್ತೆ ಕಟ್ಟಿದರು.

ಆ ಹೆಸರಿನ ಅರ್ಥವನ್ನೂ ಕೇಳಿ. ಕೊರಾಕುಯೆನ್ ಎಂದರೆ ‘ಆಮೇಲೆ ಸುಖಪಡುವ ತೋಟ’. ಹನ್ನೊಂದನೇ ಶತಮಾನದ ಚೀನಾದಲ್ಲಿ ಫಾನ್ ಝೋಂಗ್‌ಯಾನ್ ಎಂಬ ಅಧಿಕಾರಿ ಇದ್ದ. ನಾಡನ್ನು ಆಳುವವನು ಜನರಿಗಿಂತ ಮೊದಲು ಚಿಂತೆ ಮಾಡಬೇಕು, ಜನರೆಲ್ಲ ಸುಖಪಟ್ಟ ಮೇಲೆ ತಾನು ಸುಖಪಡಬೇಕು ಎಂಬುದು ಅವನ ವಿಚಾರ. ಅದರಿಂದ ಬಂದ ಹೆಸರು ಅದು. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ನಮ್ಮ ಪುಣೆಯ ಉದ್ಯಾನದಲ್ಲಿ ಜಪಾನಿ ಭಾಗ ಮುಗಿಸಿಕೊಂಡು ನಡೆದರೆ ಮೊಘಲ್ ಶೈಲಿಯ ಭಾಗವೂ ಇದೆ. ಎರಡನ್ನೂ ಒಂದೇ ದಿನ ನೋಡುವುದು ಒಳ್ಳೆಯದು. ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ. ಅಲ್ಲಿ ಬಳುಕು, ಇಲ್ಲಿ ನೇರ ಗೆರೆ. ಅಲ್ಲಿ ನೀರು ಕಾಡಿನ ತೊರೆಯಂತೆ ಕಲ್ಲಿನ ಸಂದಿಯಲ್ಲಿ ನುಸುಳುತ್ತದೆ. ಇಲ್ಲಿ ಅಳತೆಯ ಕಾಲುವೆಯಲ್ಲಿ, ಕಾರಂಜಿಯಲ್ಲಿ, ಶಿಸ್ತಿನಿಂದ ನಿಲ್ಲುತ್ತದೆ. ನಮಗೆ ಈ ಎರಡನೆಯ ಬಗೆ ಹೊಸದಲ್ಲ. ಕೃಷ್ಣರಾಜಸಾಗರದ ಬೃಂದಾವನ ನೋಡಿದವರೆಲ್ಲರಿಗೂ ಇದು ಪರಿಚಯ. ಮಿರ್ಜಾ ಇಸ್ಮಾಯಿಲ್ ಮೈಸೂರಿನ ದಿವಾನರಾಗಿದ್ದಾಗ ಕಾಶ್ಮೀರದ ಶಾಲಿಮಾರ್ ತೋಟದ ಮಾದರಿಯಲ್ಲಿ ಅದನ್ನು ಮಾಡಿಸಿದರು. ಅಲ್ಲಿಯೂ ತೋಟದ ಹಿಂದೆ ಒಂದು ಅಣೆಕಟ್ಟು ನಿಂತಿದೆ. ಇಲ್ಲಿ? ಇಲ್ಲಿ ಅಣೆಕಟ್ಟು ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ.

ಕೊಳದ ಬದಿಯ ಕಟ್ಟೆಯ ಮೇಲೆ ಕೂತಾಗ ಅವ್ವ ಮೊದಲ ಪ್ರಶ್ನೆ ಕೇಳಿದಳು. “ಈ ನೀರು ಎಲ್ಲಿಂದ ಬರ್ತದ ತಮ್ಮಾ? ಬೋರ್‌ವೆಲ್ಲಾ?”

ನನಗೆ ಗೊತ್ತಿರಲಿಲ್ಲ. ಹತ್ತು ಸಲ ಹೋಗಿದ್ದೇನೆ, ಮಕ್ಕಳ ಫೋಟೋ ತೆಗೆದಿದ್ದೇನೆ, ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಆಮೇಲೆ ವಿಚಾರಿಸಿದೆ.

ಅದು ಕಾಲುವೆಯ ನೀರು. ಉದ್ಯಾನದ ಬೆನ್ನಿಗೆ, ಪರ್ವತಿ ಗುಡ್ಡದ ಬುಡ ಹಿಡಿದು ಮುಠಾ ಬಲದಂಡೆ ಕಾಲುವೆ ಹರಿಯುತ್ತದೆ. ಅದರ ನೀರನ್ನು ತಿರುಗಿಸಿಕೊಂಡು ಈ ತೊರೆ, ಈ ಕೊಳ ಮಾಡಿದ್ದಾರೆ. ಆ ಕಾಲುವೆ ಬರುವುದು ಖಡಕವಾಸಲಾ ಅಣೆಕಟ್ಟಿನಿಂದ. ಸಿಂಹಗಡಕ್ಕೆ ಹೋಗುವಾಗ ಭಜಿ, ಸುಟ್ಟ ಮೆಕ್ಕೆಜೋಳ ತಿನ್ನಲು ನಾವೆಲ್ಲ ನಿಲ್ಲುತ್ತೇವಲ್ಲ, ಅದೇ. ಬ್ರಿಟಿಷರು 1869ರಲ್ಲಿ ಅದನ್ನು ಕಟ್ಟಲು ಶುರು ಮಾಡಿ ಹತ್ತು ವರ್ಷ ಕಟ್ಟಿದರು. ಎಂಜಿನಿಯರ್ ಕರ್ನಲ್ ಫೈಫ್ ಹೆಸರಿನಲ್ಲಿ ಜಲಾಶಯವನ್ನು ಲೇಕ್ ಫೈಫ್ ಎಂದು ಕರೆದರು. ಊರಿಗೆ ಕುಡಿಯುವ ನೀರು, ದಂಡಿಗೆ ನೀರು, ಕೆಳಗಿನ ಹೊಲಗಳಿಗೆ ನೀರು, ಎಲ್ಲಕ್ಕೂ ಅದೇ. ಇಂದಿಗೂ ಪಾನಶೇತ್, ವರಸಗಾವ್, ಟೇಮಘರ್ ಅಣೆಕಟ್ಟುಗಳ ನೀರು ಖಡಕವಾಸಲಾಕ್ಕೆ ಬಂದು, ಅಲ್ಲಿಂದ ನಮ್ಮ ನಲ್ಲಿಗೆ, ಕಾಲುವೆಯಲ್ಲಿ ಹವೇಲಿ, ದೌಂಡ್, ಇಂದಾಪುರದ ಹೊಲಗಳಿಗೆ ಹೋಗುತ್ತದೆ.

ಇಲ್ಲಿ ನಮ್ಮವರೊಬ್ಬರು ಬರುತ್ತಾರೆ. ಮುದ್ದೇನಹಳ್ಳಿಯ ಹುಡುಗ, ಚಿಕ್ಕಂದಿನಲ್ಲೇ ತಂದೆ ತೀರಿಹೋದವನು, ಬೆಂಗಳೂರಿನಲ್ಲಿ ಬಿ.ಎ. ಮುಗಿಸಿ ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಪಡೆದು ಪುಣೆಗೆ ಎಂಜಿನಿಯರಿಂಗ್ ಓದಲು ಬಂದ. ಓದಿದ್ದು ಆಗ ಕಾಲೇಜ್ ಆಫ್ ಸೈನ್ಸ್ ಎನ್ನುತ್ತಿದ್ದ, ಈಗ ನಾವು ಸಿಓಇಪಿ ಎನ್ನುವ ಕಾಲೇಜಿನಲ್ಲಿ, ಮುಳಾ ಮುಠಾ ಕೂಡುವ ಸಂಗಮದ ಹತ್ತಿರ. 1883ರಲ್ಲಿ ಮೊದಲ ಸ್ಥಾನದಲ್ಲಿ ಪಾಸಾದ. ಮರುವರ್ಷ ಮುಂಬೈ ಪ್ರಾಂತದ ಲೋಕೋಪಯೋಗಿ ಇಲಾಖೆಗೆ ಸೇರಿದ. ಹೆಸರು ಹೇಳಬೇಕಾಗಿಲ್ಲ, ನಿಮಗೆ ಗೊತ್ತಾಗಿದೆ: ಮೋಕ್ಷಗುಂಡಂ ವಿಶ್ವೇಶ್ವರಯ್ಯ.

ಮಳೆಗಾಲದಲ್ಲಿ ಖಡಕವಾಸಲಾ ತುಂಬಿ ಕೋಡಿ ಬೀಳುತ್ತಿತ್ತು. ಬೇಸಿಗೆಯಲ್ಲಿ ಅದೇ ಊರಿಗೆ ನೀರು ಸಾಲುತ್ತಿರಲಿಲ್ಲ. ಅಣೆಕಟ್ಟನ್ನು ಎತ್ತರಿಸುವುದೆಂದರೆ ಭಾರಿ ಖರ್ಚು. ಹಳೆಯ ಗೋಡೆಗೆ ಹೊಸ ಭಾರದ ಅಪಾಯ ಬೇರೆ. ವಿಶ್ವೇಶ್ವರಯ್ಯನವರು ಕೋಡಿಯ ಮೇಲೆ ಸ್ವಯಂಚಾಲಿತ ಬಾಗಿಲುಗಳನ್ನು ಕೂರಿಸಿದರು. ನೀರು ಗೊತ್ತುಮಾಡಿದ ಮಟ್ಟದವರೆಗೆ ಬಾಗಿಲು ಮುಚ್ಚಿ ನೀರು ಹಿಡಿದಿಡುತ್ತದೆ. ಆ ಮಟ್ಟ ದಾಟಿದರೆ ಬಾಗಿಲು ತಾನಾಗಿ ತೆರೆದು ಹೆಚ್ಚಿನ ನೀರನ್ನು ಬಿಡುತ್ತದೆ. ನೆರೆ ಇಳಿದರೆ ತಾನಾಗಿ ಮುಚ್ಚಿಕೊಳ್ಳುತ್ತದೆ. ನಡುರಾತ್ರಿ ಮಳೆಯಲ್ಲಿ ಯಾರೂ ಓಡಿಹೋಗಿ ಚಕ್ರ ತಿರುಗಿಸಬೇಕಾಗಿಲ್ಲ. ಹೀಗೆ ಗೋಡೆ ಎತ್ತರಿಸದೆಯೇ ಸುಮಾರು ಎಂಟು ಅಡಿ ಹೆಚ್ಚು ನೀರು ನಿಂತಿತು. ಇದು ಆದದ್ದು 1903ರಲ್ಲಿ. ಮುಂದೆ ಕೃಷ್ಣರಾಜಸಾಗರಕ್ಕೂ ಅವರು ಇಂಥ ಬಾಗಿಲು ತಂದರು. ಅಂದರೆ ಕನ್ನಂಬಾಡಿಯ ಬಾಗಿಲಿನ ಪಾಠ ಮೊದಲು ನಡೆದದ್ದು ಈ ಪುಣೆಯಲ್ಲಿ.

ಇದನ್ನು ಕೇಳಿ ಅವ್ವನಿಗೆ ಬಹಳ ಖುಷಿಯಾಯಿತು. “ಅಂದ್ರ ಇದು ನಮ್ಮವರು ಹಿಡಿದಿಟ್ಟ ನೀರು” ಎಂದಳು. ನಾನೂ ಹೂಂ ಎಂದೆ. ಆದರೆ ಕೇಳುಗರೇ, ಕಥೆ ಹೆಮ್ಮೆಯಲ್ಲೇ ಮುಗಿಯುವುದಿಲ್ಲ.

1961ರ ಜುಲೈ 12ರಂದು, ಇನ್ನೂ ಕಟ್ಟುತ್ತಿದ್ದ ಪಾನಶೇತ್ ಅಣೆಕಟ್ಟು ಒಡೆಯಿತು. ಆ ನೀರು ಬಂದು ಬಿದ್ದ ಹೊಡೆತಕ್ಕೆ ಖಡಕವಾಸಲಾ ಕೂಡ ಒಡೆಯಿತು. ಮುಠಾ ದಂಡೆಯ ಪೇಠೆಗಳು ಮುಳುಗಿದವು. ಮನೆಗಳು, ಜನ, ಜಾನುವಾರು ಹೋದವು. ಪುಣೆಯ ಹಳೆಯ ಮನೆಗಳಲ್ಲಿ ಇಂದಿಗೂ ವರ್ಷ ಎಣಿಸುವಾಗ “ಪಾನಶೇತ್‌ಗಿಂತ ಮೊದಲು, ಪಾನಶೇತ್ ಆದಮೇಲೆ” ಎನ್ನುವವರಿದ್ದಾರೆ. ಇವತ್ತು ನಾವು ನೋಡುವ ಖಡಕವಾಸಲಾ ಆಮೇಲೆ ಮತ್ತೆ ಕಟ್ಟಿದ್ದು.

ಹತ್ತಿರದ ನೆನಪು ಬೇಕೆಂದರೆ, 2018ರ ಸೆಪ್ಟೆಂಬರ್ 27ರಂದು ಇದೇ ಕಾಲುವೆಯ ದಂಡೆ ದಾಂಡೇಕರ್ ಪೂಲ್ ಬಳಿ ಕುಸಿಯಿತು. ಹಾಡಹಗಲಲ್ಲಿ ನೀರು ಬಡವರ ಮನೆಗಳಿಗೆ ನುಗ್ಗಿತು. ಈ ಉದ್ಯಾನದ ಗೇಟಿನಿಂದ ಆ ಜಾಗ ದೂರವಿಲ್ಲ. 2024ರ ಜುಲೈ 25ರಂದು ಖಡಕವಾಸಲಾದಿಂದ ಹೊಳೆಗೆ ಹೆಚ್ಚು ನೀರು ಬಿಟ್ಟಾಗ ಸಿಂಹಗಡ ರಸ್ತೆಯ ಏಕತಾ ನಗರಿಯ ಮನೆಗಳು ಮುಳುಗಿದವು. ನಿಮ್ಮಲ್ಲಿ ಕೆಲವರ ಮನೆಗೂ ಆ ದಿನ ನೀರು ಬಂದಿರಬಹುದು.

ಕಾಲುವೆ ತೆರೆದಿರುವುದರಿಂದ ನೀರು ಸೋರಿ, ಆರಿ ಹೋಗುತ್ತದೆ, ಕಸ ಬೀಳುತ್ತದೆ, ದಂಡೆ ಒಡೆಯುತ್ತದೆ ಎಂದು ಖಡಕವಾಸಲಾದಿಂದ ಫುರಸುಂಗಿಯವರೆಗೆ ನೆಲದಡಿ ಸುರಂಗ ತೋಡುವ ಯೋಜನೆ ಕೆಲವು ವರ್ಷಗಳಿಂದ ಮಾತಿನಲ್ಲಿದೆ. ನೀರು ಉಳಿಯುವುದಾದರೆ ಒಳ್ಳೆಯದೇ. ಕೆಳಗಿನ ರೈತರಿಗೆ ಅದು ಬೇಕು. ಆದರೆ ಕಾಲುವೆ ನೆಲದೊಳಗೆ ಹೋದರೆ ಅದರ ಬದಿಯ ಮರಗಳಿಗೆ, ಅದರ ನೀರು ಕುಡಿದು ಬದುಕಿದ ಈ ತೋಟಕ್ಕೆ ಏನು ವ್ಯವಸ್ಥೆ ಎಂದು ನಾವು ಈಗಲೇ ಕೇಳಬೇಕು. ಕೊಳ ಬತ್ತಿದ ಮೇಲೆ ಕೇಳಿದರೆ ಪ್ರಯೋಜನವಿಲ್ಲ. ಈ ಊರಿನಲ್ಲಿ ಹಾಗೆ ಆದ ಉದಾಹರಣೆ ಹತ್ತಿರದಲ್ಲೇ ಇದೆ. ಪರ್ವತಿಯ ಇನ್ನೊಂದು ಬದಿಗೆ ಸಾರಸಬಾಗ್ ಇದೆಯಲ್ಲ, ಅಲ್ಲಿ ಮೊದಲು ನಾನಾಸಾಹೇಬ ಪೇಶ್ವೆ ತೋಡಿಸಿದ ಕೆರೆ ಇತ್ತು. ಗಣಪತಿಯ ಗುಡಿ ಕೆರೆಯ ನಡುಗಡ್ಡೆಯಲ್ಲಿತ್ತು. ಕೆರೆ ಹೋಗಿ ಉದ್ಯಾನ ಬಂತು. ಗಣಪತಿಯನ್ನು ಮಾತ್ರ ಜನ ಇಂದಿಗೂ ‘ತಳ್ಯಾತಲಾ ಗಣಪತಿ’, ಅಂದರೆ ಕೆರೆಯ ಗಣಪತಿ, ಎಂದೇ ಕರೆಯುತ್ತಾರೆ.

ಇನ್ನು ಅವ್ವನ ಎರಡನೇ ಪ್ರಶ್ನೆ. ಎದ್ದು ಹೊರಡುವಾಗ ತೊರೆಯಲ್ಲಿ ಕೈ ಅದ್ದಿ, ಕಣ್ಣಿಗೆ ಒತ್ತಿಕೊಂಡು ಕೇಳಿದಳು: “ಬಂದದ್ದು ತಿಳೀತು. ಈ ನೀರು ಎಲ್ಲಿಗೆ ಹೋಗ್ತದ?”

ಹೊಳೆದಂಡೆಯವರು ಮಾತ್ರ ಕೇಳುವ ಪ್ರಶ್ನೆ ಇದು. ನಾವು ಪಟ್ಟಣದವರು ನೀರು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಕೇಳುತ್ತೇವೆ, ಎಲ್ಲಿಗೆ ಹೋಗುತ್ತದೆ ಎಂದು ಕೇಳುವುದಿಲ್ಲ.

ಉದ್ಯಾನದ ನೆಲ ಇಳಿಜಾರಾಗಿರುವುದು ಹೊಳೆಯ ಕಡೆಗೆ. ರಸ್ತೆಯ ಆಚೆ ಮುಠಾ ಇದೆ. ಇಲ್ಲಿನ ಹೆಚ್ಚುವರಿ ನೀರಿಗೂ, ನಾವು ಕುಡಿದು, ಮಿಂದು, ಪಾತ್ರೆ ಬಟ್ಟೆ ತೊಳೆದು ಬಿಟ್ಟ ನೀರಿಗೂ ಕೊನೆಗೆ ಅದೇ ದಾರಿ. ಮುಠಾ ಊರಿನ ನಡುವೆ ಹಾದು ಸಂಗಮದಲ್ಲಿ ಮುಳೆಯನ್ನು ಸೇರುತ್ತದೆ. ವಿಶ್ವೇಶ್ವರಯ್ಯನವರು ಓದಿದ ಕಾಲೇಜಿನ ಹತ್ತಿರವೇ. ಅಲ್ಲಿಂದ ಬಂಡ್ ಗಾರ್ಡನ್ ದಾಟಿ ಯೆರವಡಾದ ಕಡೆ ಹೋಗುತ್ತದೆ.

ಆ ಕಡೆ ಹೊಳೆಯ ದಂಡೆಗೆ ಡಾ. ಸಲೀಂ ಅಲಿ ಪಕ್ಷಿಧಾಮ ಎಂದು ಜನ ಕರೆಯುವ ಒಂದು ಜಾಗವಿದೆ. ಅವ್ವ ಊರಿಗೆ ಹೋದ ಮೇಲೆ ಒಂದು ಭಾನುವಾರ ಬೆಳಗ್ಗೆ ನಾನು ಅಲ್ಲಿಗೂ ಹೋದೆ. ಪು. ಲ. ಉದ್ಯಾನ ನೋಡಿದ ಕಣ್ಣಿಗೆ ಅದು ತೋಟವೇ ಅಲ್ಲ. ಕೆಸರು, ಜೊಂಡು, ಅಡ್ಡಾದಿಡ್ಡಿ ಬೆಳೆದ ಮರ, ಮಳೆಗಾಲದಲ್ಲಿ ಬಂದು ಸಿಕ್ಕಿಕೊಂಡ ಪ್ಲಾಸ್ಟಿಕ್, ಮೂಗಿಗೆ ಹೊಳೆಯ ವಾಸನೆ. ಸ್ವಲ್ಪ ಹೊತ್ತು ಸುಮ್ಮನೆ ನಿಂತೆ. ಆಗ ಒಂದೊಂದೇ ಕಂಡವು. ಆಳವಿಲ್ಲದ ನೀರಿನಲ್ಲಿ ಉದ್ದ ಕೆಂಪು ಕಾಲಿನ ಮೆಟ್ಟುಗಾಲು ಹಕ್ಕಿ, ಬಂಡೆಯ ಮೇಲೆ ರೆಕ್ಕೆ ಬಿಡಿಸಿ ಒಣಗಿಸಿಕೊಳ್ಳುವ ನೀರುಕಾಗೆ, ಕದಲದೆ ನಿಂತ ಕೊಳದ ಬಕ, ಗೆರೆ ಎಳೆದಂತೆ ಹಾರಿಹೋದ ಮಿಂಚುಳ್ಳಿ.

ಇಂಥ ಜೌಗು ನೆಲ ನೋಡಲು ಚೆಂದವಲ್ಲ, ಆದರೆ ಕೆಲಸ ಮಾಡುತ್ತದೆ. ನೆರೆ ಬಂದಾಗ ನೀರು ಹರಡಿಕೊಳ್ಳಲು ಜಾಗ ಕೊಡುತ್ತದೆ. ಜೊಂಡು, ಕೆಸರು, ಅದರೊಳಗಿನ ಕಣ್ಣಿಗೆ ಕಾಣದ ಜೀವಿಗಳು ಹರಿದುಬಂದ ಕೊಳೆಯಲ್ಲಿ ಒಂದಷ್ಟನ್ನು ಹಿಡಿದು ಕರಗಿಸುತ್ತವೆ. ಮೀನಿಗೆ, ಕಪ್ಪೆಗೆ, ಹಕ್ಕಿಗೆ ಅದು ಮನೆ. ಪು. ಲ. ಉದ್ಯಾನವನ್ನು ಮಾಲಿಗಳು ದಿನವೂ ನೋಡಿಕೊಳ್ಳಬೇಕು. ಇದನ್ನು ಯಾರೂ ನೋಡಿಕೊಳ್ಳಬೇಕಾಗಿಲ್ಲ, ಕೆಡಿಸದೆ ಬಿಟ್ಟರೆ ಸಾಕು. ಆದರೆ ಅದೇ ನಮಗೆ ಕಷ್ಟದ ಕೆಲಸ.

ಪುಣೆಯ ಕೊಳಚೆಯಲ್ಲಿ ಒಂದು ಪಾಲು ಶುದ್ಧವಾಗದೆ ಹೊಳೆಗೆ ಸೇರುತ್ತ ಬಂದಿದೆ. ಇದನ್ನು ಸರಿಪಡಿಸಲು 11 ಶುದ್ಧೀಕರಣ ಘಟಕಗಳ ಯೋಜನೆಗೆ 2016ರ ಜನವರಿಯಲ್ಲಿ ಸಾಲದ ಒಪ್ಪಂದವಾಯಿತು. ಸಾಲ ಕೊಟ್ಟವರು ಯಾರು ಗೊತ್ತೇ? ಜಪಾನಿನವರು; ಅವರ ಅಂತರರಾಷ್ಟ್ರೀಯ ಸಹಕಾರ ಸಂಸ್ಥೆ ಜೈಕಾ. ತೋಟದ ಮಾದರಿಯೂ ಜಪಾನಿನದು, ಹೊಳೆ ತೊಳೆಯುವ ಸಾಲವೂ ಜಪಾನಿನದು. ತೋಟ ಬೇಗ ಆಯಿತು, ಹೊಳೆಯ ಕೆಲಸ ನಿಧಾನ. ಇನ್ನೊಂದು ಕಡೆ, ನದಿಯ ದಂಡೆಗಳನ್ನು ಕಟ್ಟಿ, ಓಡಾಡಲು ದಾರಿ, ಉದ್ಯಾನ ಮಾಡುವ ನದಿಪಾತ್ರ ಯೋಜನೆಗೆ 2022ರ ಮಾರ್ಚ್‌ನಲ್ಲಿ ಶಂಕುಸ್ಥಾಪನೆ ಆಯಿತು. ಊರಿಗೆ ಹೊಳೆಯ ಮುಖ ಮತ್ತೆ ಕಾಣುತ್ತದೆ ಎಂದು ಹಲವರು ಮೆಚ್ಚಿದರು. ಹೊಳೆ ಇಕ್ಕಟ್ಟಾಗುತ್ತದೆ, ದಂಡೆಯ ಮರ ಮತ್ತು ಜೌಗು ಹೋಗುತ್ತದೆ ಎಂದು ಹಲವರು ವಿರೋಧಿಸಿದರು. 2023ರ ಏಪ್ರಿಲ್‌ನಲ್ಲಿ ಮರ ಉಳಿಸಿ ಎಂದು ಜನ ಬೀದಿಗಿಳಿದು ನಡೆದರು. ನಾನು ಎಂಜಿನಿಯರ್ ಅಲ್ಲ, ಕನ್ನಡ ಬಿ.ಎ. ಓದಿದವನು. ಆದರೂ ಒಂದು ಮಾತು ಹೇಳುವೆ: ಹೊಸ ಉದ್ಯಾನ ಯಾವಾಗ ಬೇಕಾದರೂ ಮಾಡಬಹುದು. ಹೊಳೆಯೇ ನೂರಾರು ವರ್ಷದಲ್ಲಿ ಮಾಡಿಕೊಂಡ ಜೌಗನ್ನು ಟೆಂಡರ್ ಕರೆದು ಮಾಡಲು ಆಗುವುದಿಲ್ಲ.

ಈಗ ನಿಮ್ಮಲ್ಲಿ ಕೆಲವರು ಅನ್ನಬಹುದು: “ಇದೆಲ್ಲ ಪುಣೆಯವರ ವಿಷಯ, ನಾವು ಕೆಲಸಕ್ಕೆ ಬಂದವರು.” ಹಾಗಾದರೆ ಹೊಳೆಯ ಜೊತೆ ಇನ್ನೂ ಸ್ವಲ್ಪ ದೂರ ಬನ್ನಿ.

ಮುಳಾ-ಮುಠಾ ಪೂರ್ವಕ್ಕೆ ಹರಿದು ಭೀಮೆಯನ್ನು ಸೇರುತ್ತದೆ. ಭೀಮೆ ಉಜನಿ ಜಲಾಶಯ ತುಂಬುತ್ತದೆ. ಚಳಿಗಾಲದಲ್ಲಿ ರಾಜಹಂಸ ನೋಡಲು ನೀವು ಭಿಗವಣಕ್ಕೆ ಹೋಗುತ್ತೀರಲ್ಲ, ಅದು ಉಜನಿಯ ಹಿನ್ನೀರು. ಮುಂದೆ ಪಂಢರಪುರದಲ್ಲಿ ಭೀಮೆಗೆ ಚಂದ್ರಭಾಗಾ ಎಂಬ ಹೆಸರು. ವಿಠೋಬನ ಭಕ್ತರು ಮೀಯುವುದು ಅದರಲ್ಲಿ. ಅಲ್ಲಿಂದ ನಮ್ಮ ನಾಡು. ವಿಜಯಪುರ ಜಿಲ್ಲೆಯ ಅಂಚು, ಅಫಜಲಪುರ, ದತ್ತಾತ್ರೇಯನ ಗಾಣಗಾಪುರ, ಅಶೋಕನ ಶಾಸನ ಸಿಕ್ಕ ಸನ್ನತಿ, ಯಾದಗಿರಿ. ಆಮೇಲೆ ರಾಯಚೂರಿನ ಕಡೆ ಕೃಷ್ಣೆ. 2020ರ ಅಕ್ಟೋಬರ್‌ನಲ್ಲಿ ಭೀಮೆಗೆ ನೆರೆ ಬಂದಾಗ ಕಲಬುರಗಿ, ವಿಜಯಪುರ, ಯಾದಗಿರಿಯ ಊರೂರುಗಳಿಗೆ ನೀರು ನುಗ್ಗಿತು. ಆಗ ಅಲ್ಲಿನವರು ಆಕಾಶ ನೋಡುತ್ತಿರಲಿಲ್ಲ, ಮೇಲಿನಿಂದ ಎಷ್ಟು ನೀರು ಬಿಟ್ಟಿದ್ದಾರೆ ಎಂದು ಫೋನಿನಲ್ಲಿ ಕೇಳುತ್ತಿದ್ದರು. ಬೇಸಿಗೆಯಲ್ಲಿ ಅದೇ ಜನ ಉಜನಿಯಿಂದ ಯಾವಾಗ ನೀರು ಬಿಡುತ್ತಾರೆ ಎಂದು ಕಾಯುತ್ತಾರೆ.

ಅಂದರೆ ಅವ್ವ ಪುಣೆಯ ತೋಟದಲ್ಲಿ ಕೈ ಅದ್ದಿದ ನೀರು ಅವಳ ಊರಿನ ಕಡೆಗೇ ಹೊರಟ ನೀರು. ನನ್ನ ಅಡುಗೆಮನೆಯ ಸಿಂಕಿನಿಂದ ಇಳಿದದ್ದೂ ಅದೇ ಹೊಳೆಯ ದಾರಿ ಹಿಡಿಯುತ್ತದೆ. ಇದು ಹೊಳೆದ ದಿನ ನನಗೆ ಸ್ವಲ್ಪ ನಾಚಿಕೆಯಾಯಿತು. ಊರಿಗೆ ತಿಂಗಳಿಗೊಮ್ಮೆ ದುಡ್ಡು ಕಳಿಸುತ್ತೇನೆ ಎಂದು ಹೆಮ್ಮೆಪಡುತ್ತಿದ್ದೆ. ದಿನದಿನವೂ ಇನ್ನೇನೋ ಕಳಿಸುತ್ತಿದ್ದೇನೆ ಎಂದು ಗೊತ್ತಿರಲಿಲ್ಲ.

ಹಾಗಾಗಿ, ಕೇಳುಗ ಮಿತ್ರರೇ, ಈ ಸಲ ಊರಿನಿಂದ ಯಾರಾದರೂ ಬಂದರೆ ಮೂರನೇ ದಿನಕ್ಕೆ ಒಂದು ಕಾರ್ಯಕ್ರಮ ಹಾಕಿಕೊಳ್ಳಿ. ಬೆಳಗ್ಗೆ ಬೇಗ ಪು. ಲ. ಉದ್ಯಾನಕ್ಕೆ ಹೋಗಿ. ನಿಧಾನವಾಗಿ ನಡೆಯಿರಿ, ಹೂವು ಹುಡುಕಬೇಡಿ, ನೀರು ನೋಡಿ. ತುದಿಗೆ ನಿಂತು ಪರ್ವತಿಯನ್ನು ಎರವಲು ತಂದುಕೊಳ್ಳಿ. ಮಕ್ಕಳು ಮೀನಿಗೆ ಕುರುಕಲು ಎಸೆಯದಂತೆ ನೋಡಿಕೊಳ್ಳಿ. ಇನ್ನೊಂದು ದಿನ ಖಡಕವಾಸಲಾದ ದಂಡೆಗೆ ಹೋದಾಗ ಭಜಿಯ ಕಾಗದ ಕೆಳಗೆ ಬಿಸಾಡುವ ಮೊದಲು 1903ನೇ ಇಸವಿಯನ್ನೂ 1961ನೇ ಇಸವಿಯನ್ನೂ ಒಮ್ಮೆ ನೆನೆಯಿರಿ. ಮತ್ತೊಂದು ಭಾನುವಾರ, ಹಳೆಯ ಚಪ್ಪಲಿ ಹಾಕಿಕೊಂಡು, ಯೆರವಡಾದ ಆ ಜೌಗಿಗೆ ಹೋಗಿ ಅರ್ಧ ಗಂಟೆ ಸುಮ್ಮನೆ ನಿಲ್ಲಿ. ಈ ಮೂರೂ ಸೇರಿದರೆ ಒಂದೇ ತೋಟ. ಮೊದಲ ಭಾಗಕ್ಕೆ ಮಾತ್ರ ಗೇಟು ಮತ್ತು ಟಿಕೆಟ್ ಇದೆ.

ಮನೆಯಲ್ಲಿಯೂ ಮಾಡುವಂಥದ್ದಿದೆ. ಉಳಿದ ಎಣ್ಣೆ ಸಿಂಕಿಗೆ ಸುರಿಯುವುದು ಬೇಡ. ಗಣಪತಿ ಹಬ್ಬಕ್ಕೆ ಮಣ್ಣಿನ ಮೂರ್ತಿ ತಂದು ಮನೆಯ ಬಕೆಟ್ಟಿನಲ್ಲೇ ವಿಸರ್ಜನೆ ಮಾಡಿದರೆ ಗಣಪತಿ ಸಿಟ್ಟಾಗುವುದಿಲ್ಲ. ಸೊಸೈಟಿಯ ಸಭೆಯಲ್ಲಿ ಪಾರ್ಕಿಂಗ್ ಜಗಳ ಮುಗಿದ ಮೇಲೆ, ನಮ್ಮ ಕಟ್ಟಡದ ಕೊಳಚೆ ಶುದ್ಧವಾಗಿ ಹೋಗುತ್ತದೆಯೇ, ನೇರ ನಾಲೆಗೆ ಬೀಳುತ್ತದೆಯೇ ಎಂದು ಒಬ್ಬರಾದರೂ ಎದ್ದು ಕೇಳಿ. ಮರಾಠಿಯಲ್ಲಿ ಕೇಳಿ, ತಪ್ಪಾದರೂ ಪರವಾಗಿಲ್ಲ. ನಾನು ನಮ್ಮ ಸೊಸೈಟಿಯಲ್ಲಿ ಕೇಳಿದೆ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು, ಯಾರಿಗೂ ಗೊತ್ತಿರಲಿಲ್ಲ. ಮುಂದಿನ ಸಭೆಗೆ ತಿಳಿದುಕೊಂಡು ಬರುತ್ತೇವೆ ಎಂದು ಬರೆದುಕೊಂಡಿದ್ದಾರೆ. ಅಲ್ಲಿಯವರೆಗೆ ಬಂತು.

ಜಪಾನಿನ ಆ ತೋಟದ ಹೆಸರು ನೆನಪಿದೆಯಲ್ಲ? ಮೊದಲು ಚಿಂತೆ, ಸುಖ ಆಮೇಲೆ. ಅದನ್ನು ದೊರೆಗಳಿಗೆ ಹೇಳಿದ ಮಾತು ಎಂದು ನಾವು ತಪ್ಪಿಸಿಕೊಳ್ಳಬಹುದು. ಆದರೆ ಹೊಳೆಯ ಲೆಕ್ಕದಲ್ಲಿ ಪುಣೆಯವರು ಮೇಲಿನವರು, ಭೀಮಾ ತೀರದವರು ಕೆಳಗಿನವರು. ಮೇಲೆ ಕೂತವರು ಮೊದಲು ಯೋಚಿಸಿದರೆ ಕೆಳಗಿದ್ದವರಿಗೆ ಸುಖ. ನಮ್ಮಲ್ಲಿ ಬಹಳ ಜನರಿಗೆ ಎರಡೂ ಕಡೆ ಮನೆ ಇದೆ. ನಾವು ಯೋಚಿಸದಿದ್ದರೆ ಇನ್ಯಾರು?

ಮೊನ್ನೆ ಅವ್ವನಿಗೆ ಫೋನ್ ಮಾಡಿದಾಗ ಹೊಳೆ ಹೇಗಿದೆ ಎಂದು ಕೇಳಿದೆ. “ಕಲ್ಲು ಕಾಣಾಕ ಹತ್ಯಾವ. ನೀವು ಅಲ್ಲಿ ಎಲ್ಲಾ ತೋಟಕ್ಕ ಬಿಟ್ಕೊಂಡೀರೇನು?” ಎಂದು ನಕ್ಕಳು. ನಗುತ್ತಲೇ ಕೇಳಿದಳು, ಆದರೆ ಉತ್ತರಕ್ಕೆ ಕಾದಳು.

ನೀವು ಹೋಗಿಬಂದು, ಅಲ್ಲಿ ಏನು ಕಂಡಿರಿ ಎಂದು ನಮಗೆ ಒಂದು ಕಾಗದ ಬರೆಯಿರಿ. ನಿಮ್ಮ ಊರು ಯಾವ ಹೊಳೆಯ ದಂಡೆಗೆ ಇದೆ ಎಂಬುದನ್ನೂ ಬರೆಯಿರಿ. ಮುಂದಿನ ಕಾರ್ಯಕ್ರಮದಲ್ಲಿ ಓದುತ್ತೇನೆ. ಅಲ್ಲಿಯವರೆಗೆ, ನಮಸ್ಕಾರ.